ಮೀನು, ವಿದೇಶಿ ಬಂಡವಾಳ, ಮುಕ್ತ ವ್ಯಾಪಾರ ಒಪ್ಪಂದ: ಭೀಮಾ, ಕೃಷ್ಣಾ, ಕಾರಂಜಾ ದಂಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಹಾಪುರ ತಾಲ್ಲೂಕಿನವನು. ಯಾದಗಿರಿ ಜಿಲ್ಲೆಯ ಎರಡು ಮೀನುಗಾರರ ಸಹಕಾರ ಸಂಘಗಳಿಗೆ ಲೆಕ್ಕಪತ್ರ ಬರೆದುಕೊಡುತ್ತೇನೆ. ಪೇಪರಿನಲ್ಲಿ ಬ್ರಿಟನ್ ಒಪ್ಪಂದ, ನಾರ್ವೆ ಒಪ್ಪಂದ ಅಂತ ಸುದ್ದಿ ಬಂದಾಗಲೆಲ್ಲ ಸಭೆಯಲ್ಲಿ ಲೆಕ್ಕ ಮೂಲೆಗೆ ಬೀಳುತ್ತದೆ, ಪ್ರಶ್ನೆ ಶುರುವಾಗುತ್ತವೆ. ಇಲ್ಲಿ ಕೇಳಿದ್ದನ್ನೇ ಅಫಜಲಪುರದವರೂ ಫೋನ್ ಮಾಡಿ ಕೇಳುತ್ತಾರೆ, ಭಾಲ್ಕಿಯವರೂ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನ್ನಿಸಿತು. ನಾನು ವಕೀಲನಲ್ಲ. ಓದಿ ತಿಳಿದದ್ದು, ಕಂಡದ್ದು ಇಷ್ಟು.

ಸಮುದ್ರ ಇರೋದು ಮಂಗಳೂರಿನಾಗ. ನಮಗ್ಯಾಕ್ರಿ ಈ ಉಸಾಬರಿ?

2023–24ರಲ್ಲಿ ದೇಶದಲ್ಲಿ ಸುಮಾರು 184 ಲಕ್ಷ ಟನ್ ಮೀನು ಉತ್ಪಾದನೆಯಾಯಿತು. ಅದರಲ್ಲಿ ಮುಕ್ಕಾಲು ಪಾಲು ಸಮುದ್ರದಲ್ಲಿ ಹಿಡಿದದ್ದಲ್ಲ. ಕೆರೆ, ಹೊಂಡ, ನದಿ, ಜಲಾಶಯದ್ದು. ಅಂದರೆ ದೇಶದ ಮೀನು ಅಂದರೆ ಬಂಗುಡೆ, ಬೂತಾಯಿ ಮಾತ್ರ ಅಲ್ಲ, ನಮ್ಮ ರೋಹು, ಕಾಟ್ಲಾ, ಮೃಗಾಲವೂ ಹೌದು. ನಾರಾಯಣಪುರದ ಬಸವಸಾಗರ, ಬೀದರ್ ಕಡೆಯ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ, ಭೀಮಾ ನದಿಗೆ ಕಟ್ಟಿದ ಸೊನ್ನ, ಸನ್ನತಿ ಬ್ಯಾರೇಜು, ಇವುಗಳ ಹಿನ್ನೀರಿನಲ್ಲಿ ಬಲೆ ಹಾಕುವವರೂ ಇದೇ ಲೆಕ್ಕದೊಳಗೆ ಬರುತ್ತಾರೆ.

ಇನ್ನೊಂದು ತಮಾಷೆ ನೋಡಿ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅದು ಈಗ ಯಾವ ವಿಶ್ವವಿದ್ಯಾಲಯದ ಕೆಳಗೆ ಇದೆ? ಬೀದರ್‌ನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ. ಕಡಲ ಮೀನಿನ ಪದವಿಗೆ ಬಿಸಿಲೂರಿನ ಮುದ್ರೆ! ಹಾಗಾಗಿ ಇದು ಕರಾವಳಿಯವರ ಮಾತು ಅಂತ ನಾವು ಪಕ್ಕಕ್ಕೆ ಸರಿಯುವ ಹಾಗಿಲ್ಲ.

ವಿದೇಶಿ ಬಂಡವಾಳ ಅಂದ್ರೆ ಫಾರಿನ್ ಹಡಗು ಬಂದು ನಮ್ಮ ಮೀನು ಬಳಕೊಂಡು ಹೋಗೋದಾ?

ಅದಲ್ಲ. ಇಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ. ಇವನ್ನು ಕಲಸಿಕೊಂಡರೆ ಮುಂದಿನದು ಒಂದೂ ಅರ್ಥವಾಗುವುದಿಲ್ಲ.

ಒಂದು, ಮೀನು ಹಿಡಿಯುವುದು. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ. ಅಲ್ಲಿಂದ 200 ಮೈಲಿವರೆಗೆ ಕೇಂದ್ರದ್ದು. ಈ ನೀರಿಗೆ ವಿದೇಶಿ ಹಡಗು ಬಂದು ಬಲೆ ಹಾಕುವುದನ್ನು ನಿಯಂತ್ರಿಸಲೆಂದೇ 1981ರಲ್ಲಿ ಒಂದು ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಕೇಂದ್ರ ತಂದ ಹೊಸ ನಿಯಮಗಳೂ ವಿದೇಶಿ ಹಡಗುಗಳಿಗೆ ಜಾಗ ಕೊಟ್ಟಿಲ್ಲ. ದೂರದ ನೀರಿನಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ ಅಂತ ಹೇಳಿವೆ.

ಎರಡು, ಮೀನು ಸಾಕುವುದು. ಹೊಂಡ ತೋಡಿ, ಮರಿ ಬಿಟ್ಟು, ಮೇವು ಹಾಕಿ ಬೆಳೆಸುವುದು. ಇದಕ್ಕೆ ನೂರಕ್ಕೆ ನೂರು ವಿದೇಶಿ ಬಂಡವಾಳ ಬರಬಹುದು. ಸರ್ಕಾರದ ಮುಂಚಿನ ಅನುಮತಿಯೂ ಬೇಕಿಲ್ಲ. ಮೊದಲು 'ನಿಯಂತ್ರಿತ ವಾತಾವರಣ'ದಲ್ಲಿ ಮಾತ್ರ ಅನ್ನುವ ಷರತ್ತು ಇತ್ತು. 2016ರಲ್ಲಿ ಅದನ್ನೂ ತೆಗೆದರು. ನಮ್ಮ ಗಡಿಗೆ ಅಂಟಿಕೊಂಡ ದೇಶಗಳಿಂದ ಬರುವ ಹಣಕ್ಕೆ ಮಾತ್ರ 2020ರಿಂದ ಸರ್ಕಾರದ ಒಪ್ಪಿಗೆ ಬೇಕು.

ಹಿಡಿಯುವ ಬಾಗಿಲು ಮುಚ್ಚಿದೆ, ಸಾಕುವ ಬಾಗಿಲು ಪೂರ್ತಿ ತೆರೆದಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಿಡಿಯೋ ಬಾಗಿಲು ಯಾವತ್ತೂ ಮುಚ್ಚೇ ಇತ್ತಾ?

ಇಲ್ಲ. 1991ರಲ್ಲಿ ಅದನ್ನು ತೆರೆದಿದ್ದರು. ಅದು ಆರ್ಥಿಕ ಉದಾರೀಕರಣದ ವರ್ಷ. ಆಳ ಸಮುದ್ರದಲ್ಲಿ ಮೀನು ಬೇಕಾದಷ್ಟಿದೆ, ನಮ್ಮ ಹತ್ತಿರ ದೊಡ್ಡ ಹಡಗಿಲ್ಲ, ಹೊರಗಿನವರ ಜೊತೆ ಪಾಲುದಾರಿಕೆ ಮಾಡೋಣ, ಅವರ ಹಡಗು ಬಾಡಿಗೆಗೆ ತರೋಣ ಅನ್ನುವುದು ಆಗಿನ ವಾದ. ಕಾಗದದ ಮೇಲೆ ಭಾರತದ ಕಂಪನಿ, ನೀರಿನ ಮೇಲೆ ಪರದೇಶದ ಹಡಗು.

ಕರಾವಳಿಯ ಮೀನುಗಾರರು ಸುಮ್ನೆ ಕೂರಲಿಲ್ಲ. ದೊಡ್ಡ ಹಡಗುಗಳು ಆಳಕ್ಕೆ ಹೋಗದೆ ತಮ್ಮ ನೀರಿಗೇ ನುಗ್ಗುತ್ತವೆ ಅನ್ನುವುದು ಅವರ ದೂರು. 1994ರಲ್ಲಿ ದೇಶದ ಕರಾವಳಿಯುದ್ದಕ್ಕೂ ಬಂದ್ ಆಯಿತು. ಸಣ್ಣ ದೋಣಿಯವರು, ಟ್ರಾಲರ್‌ನವರು, ಸಂಸ್ಕರಣೆ ಘಟಕದವರು ಒಬ್ಬರ ಮುಖ ಒಬ್ಬರು ನೋಡದವರು, ಆಗ ಒಂದಾದರು. ಮೀನುಗಾರರ ರಾಷ್ಟ್ರೀಯ ವೇದಿಕೆಯ ಮುಖಂಡ, ಪಾದ್ರಿ ಥಾಮಸ್ ಕೊಚ್ಚೇರಿ 1995ರಲ್ಲಿ ಪೋರಬಂದರಿನಲ್ಲಿ ಉಪವಾಸ ಕೂತರು. ಸರ್ಕಾರ ಪಿ. ಮುರಾರಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1996ರ ಫೆಬ್ರವರಿಯಲ್ಲಿ ವರದಿ ಬಂತು, 21 ಶಿಫಾರಸು. ಜಂಟಿ ಉದ್ಯಮ, ಬಾಡಿಗೆ ಹಡಗುಗಳ ಪರವಾನಗಿ ರದ್ದು ಮಾಡಿ ಅನ್ನುವುದು ಅದರ ಮುಖ್ಯ ಮಾತು.

ಅಲ್ಲಿಗೆ ಮುಗಿಯಿತಾ ಅಂದರೆ ಇಲ್ಲ. 'ಅನುಮತಿ ಪತ್ರ' ಅನ್ನುವ ಇನ್ನೊಂದು ಹೆಸರಿನಲ್ಲಿ ಹೊರಗೆ ಕಟ್ಟಿದ ಹಡಗುಗಳು ಭಾರತೀಯ ಮಾಲೀಕರ ಹೆಸರಲ್ಲಿ ಬರುತ್ತಲೇ ಇದ್ದವು. ಆಳ ಸಮುದ್ರ ಮೀನುಗಾರಿಕೆಯ ನೀತಿ ಪರಿಶೀಲಿಸಲು ಸರ್ಕಾರ ಮಾಡಿದ ಮೀನಾಕುಮಾರಿ ಸಮಿತಿಯ ವರದಿ 2014ರಲ್ಲಿ ಬಂದಾಗ ಮತ್ತೆ ಗಲಾಟೆಯಾಯಿತು. 2017ರಲ್ಲಿ ಅನುಮತಿ ಪತ್ರದ ಯೋಜನೆ ಕೈಬಿಟ್ಟರು. ತೆರೆದ ಬಾಗಿಲನ್ನು ಸರಿಯಾಗಿ ಮುಚ್ಚಲು ಕಾಲು ಶತಮಾನ ಹಿಡಿಯಿತು. ಮುಚ್ಚಲು ಸಾಧ್ಯವಾದದ್ದಾದರೂ ಯಾಕೆ? ಅದು ನಮ್ಮದೇ ಸರ್ಕಾರದ ನೀತಿ, ಹೊರಗಿನವರಿಗೆ ಬರೆದುಕೊಟ್ಟ ಒಪ್ಪಂದವಲ್ಲ.

ನೀತಿ ಬ್ಯಾರೆ, ಒಪ್ಪಂದ ಬ್ಯಾರೆ ಅಂತೀರಿ. ಏನು ಫರಕು?

ನಿಮ್ಮ ಮನೆ ಬಾಗಿಲು ಹಗಲೆಲ್ಲ ತೆರೆದಿಟ್ಟಿದ್ದೀರಿ ಅಂದುಕೊಳ್ಳಿ. ಸಂಜೆ ಬೇಡ ಅನ್ನಿಸಿದರೆ ಮುಚ್ಚುತ್ತೀರಿ. ಯಾರೂ ಕೇಳುವುದಿಲ್ಲ. ಅದು ನೀತಿ. 'ಈ ಬಾಗಿಲನ್ನು ನಿಮ್ಮ ಪಾಲಿಗೆ ಮುಚ್ಚುವುದಿಲ್ಲ' ಅಂತ ಪಕ್ಕದ ಮನೆಯವನಿಗೆ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೆ? ಅದು ಒಪ್ಪಂದ. ಎರಡರಲ್ಲೂ ಬಾಗಿಲು ತೆರೆದೇ ಕಾಣುತ್ತದೆ. ಆದರೆ ಚಿಲಕ ಯಾರ ಕೈಯಲ್ಲಿದೆ ಅನ್ನುವುದು ಬೇರೆ.

ಮುಕ್ತ ವ್ಯಾಪಾರ ಒಪ್ಪಂದ (ಒಂದು ದೇಶದ ಸರಕಿಗೆ ಇನ್ನೊಂದು ದೇಶ ಸುಂಕ ಇಳಿಸುವ ಕರಾರು) ಅಂದ ಕೂಡಲೇ ಎಲ್ಲರೂ ಸುಂಕದ ಬಗ್ಗೆ ಮಾತಾಡುತ್ತಾರೆ. ಕೆಲವು ಒಪ್ಪಂದಗಳಲ್ಲಿ ಬಂಡವಾಳಕ್ಕೂ ಒಂದು ಅಧ್ಯಾಯ ಇರುತ್ತದೆ. ಅದರ ತಿರುಳು ಹೀಗೆ: ನಿಮ್ಮ ದೇಶದವನಿಗೆ ಕೊಡುವ ಮರ್ಯಾದೆಯನ್ನೇ ನಮ್ಮ ದೇಶದ ಕಂಪನಿಗೂ ಕೊಡಬೇಕು, ಕಡಿಮೆ ಮಾಡಬಾರದು. ಇದಕ್ಕೆ ಒಪ್ಪದ ದೇಶ ಕೆಲವು ಕ್ಷೇತ್ರಗಳನ್ನು ಹೊರಗಿಡುವ ಪಟ್ಟಿ ಮಾಡಿ ಒಪ್ಪಂದದ ಕೊನೆಗೆ ಅಂಟಿಸುತ್ತದೆ. ಕೆಲವು ಕಡೆ ಈ ಪಟ್ಟಿಗೆ ಇನ್ನೊಂದು ಗಂಟೂ ಇರುತ್ತದೆ. ಒಮ್ಮೆ ಸಡಿಲ ಮಾಡಿದ ನಿಯಮವನ್ನು ಮತ್ತೆ ಬಿಗಿ ಮಾಡುವ ಹಾಗಿಲ್ಲ. ಮೀನು ಬಲೆಯೊಳಗೆ ಹೋದ ಹಾಗೆ, ಒಂದೇ ದಿಕ್ಕು.

ಹಾಗಾಗಿ ನನ್ನನ್ನು ಕೇಳಿದರೆ, ಒಪ್ಪಂದದ ಮುಖಪುಟಕ್ಕಿಂತ ಕೊನೆಯ ಅನುಬಂಧವನ್ನೇ ಮೊದಲು ಓದಬೇಕು.

ಬ್ಯಾರೆ ದೇಶದವ್ರು ತಮ್ಮ ಮೀನನ್ನ ಹ್ಯಾಂಗ ಕಾಯ್ತಾರ?

ಈ ಪ್ರಶ್ನೆ ಕೇಳಿದವರು ಸುರಪುರ ಕಡೆಯ ಒಬ್ಬ ಹಿರಿಯರು. ಓದು ನಾಲ್ಕನೇ ಇಯತ್ತೆ, ಆದರೆ ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ವ್ಯಾಪಾರ ಮುಕ್ತವಾಗಿರಲಿ ಅಂತ ಹೇಳುವ ದೇಶಗಳೇ ಮೀನಿನ ಮಾತು ಬಂದಾಗ ಬಾಗಿಲು ಹಾಕಿಕೊಳ್ಳುತ್ತವೆ.

ಅಮೆರಿಕದಲ್ಲಿ ಮೀನುಗಾರಿಕೆ ಹಡಗಿನ ಮಾಲೀಕತ್ವ ಶೇ 75ರಷ್ಟು ಅಮೆರಿಕನ್ನರದ್ದೇ ಆಗಿರಬೇಕು. 1998ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಕೆನಡಾದಲ್ಲಿ ಶೇ 49ಕ್ಕಿಂತ ಜಾಸ್ತಿ ವಿದೇಶಿ ಪಾಲು ಇರುವ ಕಂಪನಿಗೆ ವಾಣಿಜ್ಯ ಮೀನುಗಾರಿಕೆ ಪರವಾನಗಿ ಸಿಗುವುದಿಲ್ಲ. ಐಸ್‌ಲ್ಯಾಂಡ್ ನೇರ ವಿದೇಶಿ ಮಾಲೀಕತ್ವವನ್ನು ಬಿಡುವುದಿಲ್ಲ, ಬೇರೆ ಕಂಪನಿಯ ಮೂಲಕ ಸುತ್ತಿ ಬರುವ ಪಾಲಿಗೂ ಮಿತಿ ಹಾಕಿದೆ.

ನಾರ್ವೆಯ ಕಥೆ ಎಲ್ಲಕ್ಕಿಂತ ಚೆನ್ನಾಗಿದೆ. ಯುರೋಪಿನ ಒಕ್ಕೂಟಕ್ಕೆ ಸೇರೋಣವಾ ಅಂತ ಅಲ್ಲಿನ ಜನರನ್ನು ಎರಡು ಸಲ ಕೇಳಿದರು, 1972ರಲ್ಲಿ ಮತ್ತು 1994ರಲ್ಲಿ. ಎರಡು ಸಲವೂ ಜನ ಬೇಡ ಅಂದರು. ಮುಖ್ಯ ಕಾರಣಗಳಲ್ಲಿ ಒಂದು ಮೀನು. ಎರಡನೇ ಸಲ ಕೇಳುವ ಮೊದಲೇ ಒಕ್ಕೂಟದ ಜೊತೆ ಬಂಡವಾಳ, ಸರಕು ಎಲ್ಲ ಮುಕ್ತವಾಗಿ ಓಡಾಡುವ ಒಪ್ಪಂದಕ್ಕೆ ಸೇರಿದರೂ, ಮೀನುಗಾರಿಕೆಯ ಮಾಲೀಕತ್ವಕ್ಕೆ ಮಾತ್ರ ಹಳೆಯ ನಿರ್ಬಂಧ ಇರುತ್ತದೆ ಅಂತ ಅನುಬಂಧದಲ್ಲಿ ಬರೆಸಿಕೊಂಡರು. ಐಸ್‌ಲ್ಯಾಂಡ್‌ನವರೂ ಹಾಗೇ ಮಾಡಿದರು. ನಾರ್ವೆಯಲ್ಲಿ ಹಡಗಿನ ಶೇ 60 ಪಾಲು ಅಲ್ಲಿನವರದ್ದಾಗಿರಬೇಕು. ಹೆಚ್ಚಿನ ದೋಣಿಗಳಿಗೆ ಮಾಲೀಕ ಸ್ವತಃ ಮೀನುಗಾರನಾಗಿರಬೇಕು ಅನ್ನುವ ಷರತ್ತೂ ಇದೆ. ಈ ಷರತ್ತನ್ನು ನಮ್ಮ ಸಂಘದಲ್ಲಿ ಓದಿ ಹೇಳಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಆದರೆ ಅದೇ ನಾರ್ವೆ ಸಾಲ್ಮನ್ ಸಾಕಾಣಿಕೆಯನ್ನು ಹೊರಗಿನವರಿಗೆ ಬಿಟ್ಟಿದೆ. ಅಲ್ಲಿನ ಸೆರ್ಮಾಕ್ ಅನ್ನುವ ದೊಡ್ಡ ಸಾಲ್ಮನ್ ಕಂಪನಿಯನ್ನು 2014ರಲ್ಲಿ ಜಪಾನಿನ ಮಿತ್ಸುಬಿಷಿ ಕೊಂಡಿತು. ಹಿಡಿಯುವುದು ನಮ್ಮವರಿಗೆ, ಸಾಕುವುದು ಯಾರು ಬೇಕಾದರೂ ಮಾಡಲಿ. ನಮ್ಮ ದೇಶದ ಎರಡು ಬಾಗಿಲಿನ ಲೆಕ್ಕವೂ ಇದೇ ಅಲ್ವಾ?

ಹೊರಗಿಡುವ ಪಟ್ಟಿಯಲ್ಲಿ ಬರೆಸದೇ ಹೋದರೆ ಏನಾಗುತ್ತೆ?

ಬ್ರಿಟನ್‌ಗೆ ಆದದ್ದು ಆಗುತ್ತದೆ. 1980ರ ದಶಕದಲ್ಲಿ ಸ್ಪೇನಿನವರು ಬ್ರಿಟನ್‌ನಲ್ಲಿ ಕಂಪನಿ ತೆರೆದು, ತಮ್ಮ ಹಡಗಿಗೆ ಬ್ರಿಟಿಷ್ ಬಾವುಟ ಹಾಕಿ, ಬ್ರಿಟನ್ ಪಾಲಿನ ಮೀನು ಹಿಡಿದು ಸ್ಪೇನಿಗೆ ಒಯ್ಯತೊಡಗಿದರು. ಬ್ರಿಟನ್ ಸಂಸತ್ತು 1988ರಲ್ಲಿ ಕಾಯ್ದೆ ಮಾಡಿ, ಶೇ 75 ಮಾಲೀಕರು ಬ್ರಿಟಿಷರೇ ಇರಬೇಕು ಅಂದಿತು. ಸ್ಪೇನಿನವರು ಕೋರ್ಟಿಗೆ ಹೋದರು. 1991ರಲ್ಲಿ ಯುರೋಪಿನ ನ್ಯಾಯಾಲಯ, ಇದು ಯುರೋಪಿನ ಒಕ್ಕೂಟಕ್ಕೆ ಸೇರುವಾಗ ನೀವೇ ಸಹಿ ಹಾಕಿದ ಒಪ್ಪಂದಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸ್ವಂತ ಸಂಸತ್ತಿನ ಕಾಯ್ದೆ ಮಲಗಿತು, ಮೇಲೆ ಪರಿಹಾರವನ್ನೂ ಕಟ್ಟಬೇಕಾಯಿತು. ಸಮುದ್ರ ಆಳಿದ ದೇಶಕ್ಕೇ ಈ ಗತಿ.

ಮೀನಿಗೂ ಒಂದು ದೇಶ ಇರುತ್ತಾ?

ಇರುತ್ತದೆ. ಸುಂಕದ ರಿಯಾಯಿತಿ ಸಿಗಬೇಕಾದರೆ ಮೀನು ಯಾವ ದೇಶದ್ದು ಅಂತ ತೋರಿಸಬೇಕು. ಕೆರೆಯ ಮೀನಾದರೆ ಸುಲಭ, ಕೆರೆ ಇರುವ ದೇಶದ್ದು. ದೂರದ ಕಡಲಿನಲ್ಲಿ ಸಾಮಾನ್ಯವಾಗಿ ಹಡಗಿನ ಬಾವುಟ ಯಾವುದೋ ಮೀನೂ ಅದೇ ದೇಶದ್ದು. ಕೆಲವು ಒಪ್ಪಂದ ಹಡಗಿನ ಮಾಲೀಕ ಯಾರು ಅಂತಲೂ ಕೇಳುತ್ತವೆ.

ನಾರ್ವೆ, ಐಸ್‌ಲ್ಯಾಂಡ್ ಜೊತೆ ನಮ್ಮ ಒಪ್ಪಂದ ಆಯ್ತಲ್ಲ. ಆ ದುಡ್ಡು ಕಲಬುರಗಿಗೆ ಬರುತ್ತಾ?

ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ನಾಲ್ಕೂ ಸೇರಿದ ಗುಂಪಿನ ಜೊತೆ 2024ರ ಮಾರ್ಚ್ 10ರಂದು ಸಹಿಯಾಯಿತು. 2025ರ ಅಕ್ಟೋಬರ್ 1ರಿಂದ ಜಾರಿ. 15 ವರ್ಷದಲ್ಲಿ 10,000 ಕೋಟಿ ಡಾಲರ್ ಬಂಡವಾಳ ಬರುವಂತೆ ಮಾಡುತ್ತೇವೆ, 10 ಲಕ್ಷ ಕೆಲಸ ಸೃಷ್ಟಿಗೆ ನೆರವಾಗುತ್ತೇವೆ ಅಂತ ಆ ದೇಶಗಳು ಬರೆದುಕೊಟ್ಟಿವೆ. ಮಾತು ಉಳಿಸಿಕೊಳ್ಳದಿದ್ದರೆ ನಾವು ಕೊಟ್ಟ ಸುಂಕದ ರಿಯಾಯಿತಿ ಹಿಂದಕ್ಕೆ ತೆಗೆದುಕೊಳ್ಳಬಹುದು. ಇದು ಒಳ್ಳೆಯ ಷರತ್ತು. ನಮ್ಮ ದೇಶದ ಒಪ್ಪಂದಗಳಲ್ಲಿ ಇಂಥದ್ದು ಹೊಸದು.

ಆದರೆ ಇಷ್ಟು ದುಡ್ಡು ಮೀನಿಗೆ, ಇಷ್ಟು ಕಲಬುರಗಿಗೆ ಅಂತ ಅದರಲ್ಲಿ ಹಂಚಿಕೆ ಇಲ್ಲ. ಕಂಪನಿಗೆ ಬಂದರು, ಕರೆಂಟು, ರಸ್ತೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಕಾಯುತ್ತ ಕೂರಬೇಡಿ.

ಮೀನುಗಾರಿಕೆ ರಾಜ್ಯದ ವಿಷಯ ಅಲ್ವಾ? ಕೇಂದ್ರ ಹ್ಯಾಂಗ ಬರೆದುಕೊಡುತ್ತೆ?

ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 21ನೆಯದು ಮೀನುಗಾರಿಕೆ. ನಮ್ಮ ಕೆರೆ, ಜಲಾಶಯ ಎಲ್ಲ ಅದರೊಳಗೆ. ಆದರೆ ಬೇರೆ ದೇಶದ ಜೊತೆ ಒಪ್ಪಂದ ಮಾಡುವುದು ಕೇಂದ್ರದ ಕೆಲಸ. ಆ ಒಪ್ಪಂದ ಜಾರಿಗೆ ತರಲು ಬೇಕಾದರೆ ರಾಜ್ಯದ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಬಹುದು ಅಂತ 253ನೇ ವಿಧಿ ಹೇಳುತ್ತದೆ. ರಾಜ್ಯದ ವಿಷಯ ಅನ್ನುವುದು ಬೇಲಿ ಹೌದು, ಕೋಟೆ ಅಲ್ಲ.

ಹೊರಗಿನ ಕಂಪನಿ ಬಸವಸಾಗರಾನ ಗುತ್ತಿಗೆ ಹಿಡಿಬಹುದಾ?

ಈ ಪುಟದಲ್ಲಿ ನನಗೆ ಮುಖ್ಯವಾದ ಪ್ರಶ್ನೆ ಇದು.

ಇವತ್ತಿನ ಪದ್ಧತಿಯಲ್ಲಿ ಕೆರೆಗಳು ಗುತ್ತಿಗೆಗೆ ಹೋಗುತ್ತವೆ, ಮೀನುಗಾರರ ಸಂಘಗಳಿಗೆ ಆದ್ಯತೆ ಇದೆ. ದೊಡ್ಡ ಜಲಾಶಯಗಳಲ್ಲಿ ಮೀನುಗಾರರಿಗೆ ಪರವಾನಗಿ ಕೊಡುವ ಪದ್ಧತಿಯೂ ಇದೆ. ನಮ್ಮ ಕಬ್ಬಲಿಗರು, ಕೋಲಿ ಸಮಾಜದವರು, ಇತರ ಮೀನುಗಾರರು ಹರಿಗೋಲು ಹಾಕಿ ದುಡಿಯುವುದು ಹೀಗೆ. ಕಂಪನಿ ನೇರವಾಗಿ ಬಂದು ಬಸವಸಾಗರ ನಮ್ಮದು ಅನ್ನುವ ಸ್ಥಿತಿ ಈಗ ಇಲ್ಲ.

ನನ್ನ ಚಿಂತೆ ಬೇರೆ. ಸರ್ಕಾರದ ಪುಸ್ತಕದಲ್ಲಿ ಹಿಡಿಯುವುದು, ಸಾಕುವುದು ಅಂತ ಎರಡು ಖಾತೆ ಇವೆ. ನಮ್ಮ ಜಲಾಶಯ ಯಾವುದರಲ್ಲಿ ಬರುತ್ತದೆ? ಮಳೆಗಾಲದಲ್ಲಿ ಸಾಕಿದ ಮರಿ ತಂದು ಬಿಡುತ್ತೇವೆ. ಹಾಗಾದರೆ ಅದು ಸಾಕಾಣಿಕೆ. ಮೇವು ಹಾಕುವುದಿಲ್ಲ, ಅದು ತಾನೇ ಬೆಳೆಯುತ್ತದೆ, ಆಮೇಲೆ ಬಲೆ ಹಾಕಿ ಹಿಡಿಯುತ್ತೇವೆ. ಹಾಗಾದರೆ ಅದು ಹಿಡಿಯುವುದು. ಹೊಳೆಯಿಂದ ತಾನಾಗಿ ಬಂದ ಮೀನೂ ಅದೇ ಬಲೆಗೆ ಬೀಳುತ್ತದೆ. ಅದನ್ನು ಯಾರು ಸಾಕಿದರು? ಈಗ ಜಲಾಶಯದಲ್ಲಿ ಪಂಜರ ಇಳಿಬಿಟ್ಟು ಮೀನು ಬೆಳೆಸುವ ಯೋಜನೆಗಳಿಗೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಹಾಯಧನವಿದೆ. ಪಂಜರ ಜಾಸ್ತಿಯಾದಷ್ಟೂ ಆ ನೀರು ಸಾಕಾಣಿಕೆಯ ಖಾತೆಗೆ ಜಾರುತ್ತದೆ. ಆ ಖಾತೆಗೆ ನೂರಕ್ಕೆ ನೂರು ವಿದೇಶಿ ಬಂಡವಾಳ ಬರಬಹುದು ಅಂತ ಮೇಲೆ ಹೇಳಿದೆನಲ್ಲ.

ಸಮುದ್ರದವರಿಗೆ 1981ರ ಕಾಯ್ದೆ ಇದೆ, ಹೋರಾಟದ ಇತಿಹಾಸ ಇದೆ. ನಮ್ಮ ಹಿನ್ನೀರಿಗೆ ಕಾವಲು ಅಂದರೆ ಗುತ್ತಿಗೆ ಕರಾರು ಒಂದೇ. ಆ ಕಾಗದ ಎಷ್ಟು ಗಟ್ಟಿ ಅಂತ ಕೇಳಿದರೆ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಾನು ಲೆಕ್ಕ ಬರೆಯಲು ಹೋಗಿದ್ದ ಒಂದು ಸಂಘ, ಹೆಸರು ಬೇಡ. ಕಚೇರಿಯಲ್ಲಿ ಅಂಬಿಗರ ಚೌಡಯ್ಯನ ಫೋಟೋ, ಹೂವಿನ ಹಾರ, ಎಲ್ಲ ಚೆಂದ. ಗುತ್ತಿಗೆ ಸಂಘದ ಹೆಸರಲ್ಲೇ ಇತ್ತು. ಆದರೆ ಗುತ್ತಿಗೆ ಹಣ ಕಟ್ಟಿದವನು ಹೊರಗಿನ ದಲ್ಲಾಳಿ, ಮರಿ ತಂದವನು ಅವನೇ, ಮೀನು ಒಯ್ದವನೂ ಅವನೇ. ಸದಸ್ಯರಿಗೆ ಸಿಕ್ಕದ್ದು ದಿನದ ಕೂಲಿ. ತಮ್ಮದೇ ಕೆರೆಯಲ್ಲಿ ಕೂಲಿ! 'ಏನ್ ಮಾಡೋದು ಅಣ್ಣಾ, ಕಟ್ಟೋಕೆ ರೊಕ್ಕ ಇರಲಿಲ್ಲ' ಅಂದರು. ಸ್ಪೇನಿನವರು ಬ್ರಿಟಿಷ್ ಬಾವುಟ ಹಾಕಿಕೊಂಡದ್ದು ಓದಿದಾಗ ನನಗೆ ನೆನಪಾದದ್ದು ಆ ಕಚೇರಿ.

ಇವತ್ತು ಅದು ಪಕ್ಕದೂರಿನ ದಲ್ಲಾಳಿಯ ದುಡ್ಡು. ನಾಳೆ ಯಾರದ್ದು ಅಂತ ಕಾಗದದಲ್ಲಿ ಕಾಣುವುದಿಲ್ಲ.

ಹಾಗಾದ್ರೆ ವಿದೇಶಿ ದುಡ್ಡು ನಿಜವಾಗಿ ಬರೋದು ಎಲ್ಲಿ?

ಮರಿ, ಮೇವು, ಔಷಧ, ಶೈತ್ಯಾಗಾರ, ಸಂಸ್ಕರಣೆ. ನೀರಿನಲ್ಲಿ ಇಳಿಯುವ ಕೆಲಸದಲ್ಲಿ ನಷ್ಟದ ಭಯ ಜಾಸ್ತಿ. ದಡದ ಮೇಲೆ ಕೂತು ಮೇವು ಮಾರಿದರೆ ಮೀನು ಸತ್ತರೂ ಬಿಲ್ಲು ಬಿಲ್ಲೇ.

ಆಂಧ್ರದ ಸಿಗಡಿಯನ್ನೇ ನೋಡಿ. ವನ್ನಾಮಿ ಅನ್ನುವ ತಳಿ ನಮ್ಮ ದೇಶದ್ದಲ್ಲ, ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯದ್ದು. 2009ರಲ್ಲಿ ಅದನ್ನು ಬೆಳೆಸಲು ಅನುಮತಿ ಸಿಕ್ಕಿತು. ತಾಯಿ ಸಿಗಡಿ ಹೊರದೇಶದಿಂದ ವಿಮಾನದಲ್ಲಿ ಬಂದು, ಚೆನ್ನೈನ ನೀಲಾಂಕರೈನಲ್ಲಿ ಕೆಲವು ದಿನ ಪ್ರತ್ಯೇಕವಾಗಿದ್ದು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಹ್ಯಾಚರಿಗೆ ಹೋಗುತ್ತದೆ. ಮೇವಿನ ವ್ಯಾಪಾರದಲ್ಲಿ ಥಾಯ್ಲೆಂಡಿನ ಬಂಡವಾಳ ದೊಡ್ಡದು. ಹೊಂಡ ರೈತನದು, ಸಾಲ ರೈತನದು, ಆದರೆ ಮೊದಲ ತುದಿ ಮತ್ತು ಕೊನೆಯ ತುದಿ ಅವನ ಕೈಯಲ್ಲಿಲ್ಲ. ಇದರಿಂದ ಆಂಧ್ರ ಬೆಳೆಯಿತು ಅನ್ನುವುದೂ ಸುಳ್ಳಲ್ಲ. ಸಿಗಡಿ ಉತ್ಪಾದನೆ ಏರಿತು, ರಫ್ತು ಏರಿತು, ಸಾವಿರಾರು ಹೆಣ್ಣುಮಕ್ಕಳಿಗೆ ಸಂಸ್ಕರಣೆ ಘಟಕದಲ್ಲಿ ಕೆಲಸ ಸಿಕ್ಕಿತು.

ಮೇವಿನ ಉದ್ರಿ ನಮಗೂ ಬಂದಿದೆ. ನಮ್ಮ ನೆಂಟರೊಬ್ಬರು ಕೃಷಿ ಹೊಂಡದಲ್ಲಿ ಮೀನು ಬಿಟ್ಟಿದ್ದರು. ಏಜೆಂಟ್ ಒಬ್ಬ ಮೇವು ಉದ್ರಿ ಕೊಟ್ಟ, ಮೀನು ನನಗೇ ಕೊಡಬೇಕು ಅಂದ. ಕಟಾವಿನ ದಿನ ತೂಕವೂ ಅವನದೇ, ರೇಟೂ ಅವನದೇ. ಮೇವಿನ ಲೆಕ್ಕ ಕಳೆದು ಕೈಗೆ ಬಂದದ್ದು ಮನೆಗೆ ತಂದು ತಿಂದ ಎರಡು ಕಾಟ್ಲಾ. ಅವನ ಹಿಂದೆ ಇದ್ದದ್ದು ದೇಶದ ಕಂಪನಿಯೋ ವಿದೇಶದ್ದೋ, ನೆಂಟರಿಗೆ ಅದರಿಂದ ಆಗಬೇಕಾದ್ದೇನು?

ಸುಂಕ ಸೊನ್ನೆ ಆದ್ರೆ ನಮ್ಮ ರೋಹೂಗೆ ರೇಟ್ ಬರುತ್ತಾ?

ನೇರವಾಗಿ ಬರುವುದಿಲ್ಲ. 2024–25ರಲ್ಲಿ ದೇಶದಿಂದ ಸುಮಾರು ₹62,400 ಕೋಟಿಯ ಸಮುದ್ರೋತ್ಪನ್ನ ಹೊರಗೆ ಹೋಯಿತು. ಹಣದ ಲೆಕ್ಕದಲ್ಲಿ ಅದರ ಬಹುಪಾಲು ಒಂದೇ ಸರಕು, ಶೀತಲೀಕರಿಸಿದ ಸಿಗಡಿ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಮೀನು ಉತ್ಪನ್ನಗಳ ಮೇಲೆ ಶೇ 21.5ರವರೆಗೆ ಇದ್ದ ಸುಂಕ ತೆಗೆಯುವ ಮಾತಿದೆ. ಅದರ ಲಾಭ ಮೊದಲು ಭೀಮವರಂಗೆ, ಕೊಚ್ಚಿಗೆ. ಬೆಣ್ಣೆತೊರಾಗೆ ಅಲ್ಲ.

ನಮಗೆ ತಟ್ಟುವುದು ಸುತ್ತಿ ಬಳಸಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ಸಿಗಡಿ ಬೆಳೆಗಾರರಿಗೆ ಪೆಟ್ಟು ಬಿತ್ತು. ಸಿಗಡಿ ಬಿಟ್ಟು ಅದೇ ಹೊಂಡದಲ್ಲಿ ಮೀನು ಬೆಳೆಯುವವರು ಹೆಚ್ಚಾದರೆ ಆ ಮೀನು ಐಸ್ ಪೆಟ್ಟಿಗೆಯಲ್ಲಿ ಎಲ್ಲಿಗೆ ಬರುತ್ತದೆ? ಹೈದರಾಬಾದಿಗೆ, ಅಲ್ಲಿಂದ ನಮ್ಮ ಸಂತೆಗೆ. ವಾಷಿಂಗ್ಟನ್‌ನಲ್ಲಿ ಸಹಿಯಾದ ಕಾಗದ ಯಾದಗಿರಿ ಮೀನು ಮಾರುಕಟ್ಟೆಯ ತಕ್ಕಡಿಗೆ ತಾಗುವುದು ಹೀಗೆ.

ಸುಂಕ ಹೋದರೂ ಬೇರೆ ತಡೆಗಳಿವೆ. ಯುರೋಪಿನವರು ಔಷಧದ ಉಳಿಕೆ ಪರೀಕ್ಷೆ ಮಾಡುತ್ತಾರೆ. ಆಮೆ ತಪ್ಪಿಸಿಕೊಳ್ಳುವ ಸಾಧನ ಬಲೆಯಲ್ಲಿ ಇಲ್ಲ ಅಂತ ಅಮೆರಿಕ 2019ರಿಂದ ನಮ್ಮ ಸಮುದ್ರದ ಸಿಗಡಿಯನ್ನು ನಿಲ್ಲಿಸಿತು.

ಹೋಟೆಲಿನಾಗ ಬಾಸಾ ಅಂತ ಮುಳ್ಳಿಲ್ಲದ ಮೀನು ಕೊಡ್ತಾರಲ್ಲ, ಅದು ಎಲ್ಲಿಂದ?

ಬಹಳಷ್ಟು ವಿಯೆಟ್ನಾಂನದ್ದು. ಮೆಕಾಂಗ್ ನದಿಯ ಬಯಲಿನಲ್ಲಿ ಬೆಳೆದದ್ದು. ಅದೇ ಜಾತಿಯನ್ನು ಆಂಧ್ರದಲ್ಲೂ ಬೆಳೆಯುತ್ತಾರೆ. ಆಗ್ನೇಯ ಏಷ್ಯಾದ ದೇಶಗಳ ಜೊತೆ ನಮ್ಮ ಸರಕು ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂತು. ಮೀನು, ರಬ್ಬರು, ಮೆಣಸಿಗೆ ಹೊಡೆತ ಬೀಳುತ್ತದೆ ಅಂತ 2009ರ ಗಾಂಧಿ ಜಯಂತಿಯಂದು ಕೇರಳದವರು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಮಾಡಿದ್ದರು. ಎಷ್ಟೋ ಮೀನು ಜಾತಿಗಳು ರಿಯಾಯಿತಿಯಿಂದ ಹೊರಗೆ ಉಳಿದವು.

ಊಟದ ರುಚಿ ಕೇಳಿದರೆ, ನಮ್ಮ ಭೀಮಾ ಮೀನಿನ ಹುಳಿಸಾರಿನ ಮುಂದೆ ಬಾಸಾ ಸಪ್ಪೆ. ಆದರೆ ಮಕ್ಕಳಿಗೆ ಮುಳ್ಳಿಲ್ಲದ್ದೇ ಬೇಕು. ಅದಕ್ಕೆ ಯಾರನ್ನು ಬೈಯುವುದು?

ಕಂಪನಿ ನಮ್ಮ ಸರ್ಕಾರದ ಮೇಲೇ ಕೇಸ್ ಹಾಕಬಹುದಾ?

ಬಂಡವಾಳ ರಕ್ಷಣೆಯ ಒಪ್ಪಂದ ಇದ್ದರೆ ಹಾಕಬಹುದು, ಅದೂ ದೇಶದ ಹೊರಗಿನ ಪಂಚಾಯಿತಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯಲ್ಲಿ. 2011ರಲ್ಲಿ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಅನ್ನುವ ಕಂಪನಿ ಹೀಗೆ ಭಾರತದ ವಿರುದ್ಧ ಗೆದ್ದಿತು. ಅದು ಕಲ್ಲಿದ್ದಲಿನ ವ್ಯವಹಾರ, ಮೀನಿನದ್ದಲ್ಲ. ಆಮೇಲೆ ಭಾರತ ಎಚ್ಚೆತ್ತುಕೊಂಡು ಹೊಸ ಮಾದರಿ ಕರಡು ಮಾಡಿತು. ಮೊದಲು ಐದು ವರ್ಷ ನಮ್ಮ ಕೋರ್ಟಿನಲ್ಲಿ ಹೋರಾಡಿ, ಆಮೇಲೆ ಹೊರಗೆ ಹೋಗಿ ಅನ್ನುವ ಷರತ್ತು ಅದರಲ್ಲಿದೆ. ಹಳೆಯ ಒಪ್ಪಂದಗಳನ್ನು ಬಹುಪಾಲು ರದ್ದು ಮಾಡಿತು. ಆದರೆ 2024ರಲ್ಲಿ ಯುಎಇ ಜೊತೆ ಜಾರಿಗೆ ಬಂದ ಒಪ್ಪಂದದಲ್ಲಿ ಐದು ವರ್ಷ ಮೂರಕ್ಕೆ ಇಳಿದಿದೆ. ಇಂಥ ಸಂಖ್ಯೆ ಇಳಿಯುವುದನ್ನು ಯಾರೂ ತಮಟೆ ಹೊಡೆದು ಹೇಳುವುದಿಲ್ಲ.

ಡಬ್ಲ್ಯುಟಿಒ ಒಪ್ಪಂದದಿಂದ ನಮ್ಮ ಬಲೆ, ಹರಿಗೋಲಿನ ಸಬ್ಸಿಡಿ ನಿಲ್ಲುತ್ತಾ?

ಇಲ್ಲ. 2022ರಲ್ಲಿ ಒಪ್ಪಿದ, 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸಬ್ಸಿಡಿ ಒಪ್ಪಂದ ಸಮುದ್ರದಲ್ಲಿ ಮೀನು ಹಿಡಿಯುವುದಕ್ಕೆ ಮಾತ್ರ. ಕೆರೆ, ನದಿ, ಸಾಕಾಣಿಕೆ ಅದರಿಂದ ಹೊರಗೆ. ಯಾರಾದರೂ ಹೆದರಿಸಿದರೆ ನಂಬಬೇಡಿ.

ನೀವು ವಿದೇಶಿ ಬಂಡವಾಳ ಬೇಡವೇ ಬೇಡ ಅಂತೀರಾ?

ಅನ್ನುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಬಿಸಿಲಿನಲ್ಲಿ ಮೀನು ಎಷ್ಟು ಹೊತ್ತು ತಡೆಯುತ್ತದೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ಹಿಡಿದದ್ದು ಹತ್ತು ಗಂಟೆಯೊಳಗೆ ಹೋಗದಿದ್ದರೆ ಕೇಳಿದ ರೇಟಿಗೆ ಕೊಡಬೇಕು. ಒಂದು ಐಸ್ ಫ್ಯಾಕ್ಟರಿ, ಒಂದು ಸಣ್ಣ ಶೈತ್ಯಾಗಾರ, ಒಳ್ಳೆಯ ಮರಿ ಕೇಂದ್ರ ಬಂದರೆ ದುಡ್ಡು ನಾರ್ವೆಯದ್ದಾದರೇನು, ನಾಗಪುರದ್ದಾದರೇನು? ದಡದ ಮೇಲೆ ಯಾರ ದುಡ್ಡಾದರೂ ಬರಲಿ. ನೀರಿನ ಗುತ್ತಿಗೆ ಮಾತ್ರ ಬಲೆ ಹಾಕುವವನ ಹೆಸರಲ್ಲೇ, ಅವನ ಕೈಯಲ್ಲೇ ಇರಲಿ. ನಾರ್ವೆಯವರು ತಮ್ಮ ಸಮುದ್ರಕ್ಕೆ ಹಾಕಿಕೊಂಡ ಷರತ್ತನ್ನು ನಾವು ನಮ್ಮ ಹಿನ್ನೀರಿಗೆ ಕೇಳಿದರೆ ತಪ್ಪೇನು?

ಸಂಘದವರು ಈಗಲೇ ಏನು ಮಾಡಬಹುದು?

ನಮ್ಮ ಎರಡು ಸಂಘಗಳಲ್ಲಿ ಒಂದು ಠರಾವು ಬರೆದಿದ್ದೇವೆ. ಜಲಾಶಯದಲ್ಲಿ ಮರಿ ಬಿಟ್ಟು ಹಿಡಿಯುವುದನ್ನು ಸಾಕಾಣಿಕೆ ಅಂತ ಅಲ್ಲ, ಮೀನು ಹಿಡಿಯುವುದು ಅಂತಲೇ ಲೆಕ್ಕ ಹಾಕಬೇಕು, ಮುಂದಿನ ಒಪ್ಪಂದಗಳಲ್ಲಿ ಹೊರಗಿಡುವ ಪಟ್ಟಿಗೆ ಸೇರಿಸಬೇಕು ಅಂತ. ಒಂದು ಪುಟ ಅಷ್ಟೇ. ಉಪ ಗುತ್ತಿಗೆ ಕೊಟ್ಟವರ ಸದಸ್ಯತ್ವ ರದ್ದು ಅನ್ನುವ ಇನ್ನೊಂದು ಠರಾವಿಗೆ ಮಾತ್ರ ಜಗಳವಾಯಿತು. ಅದು ಇನ್ನೂ ಪಾಸಾಗಿಲ್ಲ.

ಒಪ್ಪಂದದ ಕಾಗದ ಓದಬೇಕು ಅಂದ್ರೆ ಎಲ್ಲಿ ಸಿಗುತ್ತೆ?

ಸಹಿಯಾದ ಒಪ್ಪಂದಗಳು ಕೇಂದ್ರ ವಾಣಿಜ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ಇರುತ್ತವೆ. ಇಂಗ್ಲಿಷಿನಲ್ಲಿ, ಬೆಟ್ಟದಷ್ಟು. ಪೂರ್ತಿ ಓದಲು ಹೋಗಬೇಡಿ. ಸುಂಕದ ಪಟ್ಟಿಯಲ್ಲಿ ಎಲ್ಲ ದೇಶಕ್ಕೂ ಒಂದೇ ನಂಬರ್ ಪದ್ಧತಿ ಇದೆ. 03 ಅಂತ ಶುರುವಾಗುವುದೆಲ್ಲ ಮೀನು, ಸಿಗಡಿ. 0306 ಸಿಗಡಿ, ಏಡಿ. 16ರಲ್ಲಿ ಡಬ್ಬಿಯ ಮೀನು ಸಿಗುತ್ತದೆ. 2309 ಪ್ರಾಣಿಗಳ ಮೇವು, ನಮ್ಮ ಮೀನಿನ ಮೇವೂ ಅದರಲ್ಲೇ. ಬಂಡವಾಳದ ಅಧ್ಯಾಯ ಇದ್ದರೆ ಅದರ ಅನುಬಂಧದಲ್ಲಿ ಮೀನುಗಾರಿಕೆ ಅನ್ನುವ ಪದ ಹುಡುಕಿ. ಮಗನೋ ಮಗಳೋ ಕಾಲೇಜಿಗೆ ಹೋಗುತ್ತಿದ್ದರೆ ಹತ್ತು ನಿಮಿಷದ ಕೆಲಸ. ಬ್ರಿಟನ್ ಒಪ್ಪಂದದ ಸುಂಕದ ಪಟ್ಟಿಯಲ್ಲಿ 03 ಅಂತ ಶುರುವಾಗುವ ಪುಟಗಳನ್ನು ನಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಮುಂದಿನ ಸಭೆಗೆ ಬಂದವರು ಕೇಳಿ ತೆಗೆದುಕೊಳ್ಳಿ, ಜೆರಾಕ್ಸಿನ ದುಡ್ಡು ಮಾತ್ರ ನಿಮ್ಮದು.